ಗಾಜಿನ ಮೇಲಿನ ಕುಂಕುಮ

ಗದಗಿನ ಸಂಗಮನಾಥ ಈಗಲೂ ಮಹಾನವಮಿಯ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಕಂಪ್ಯೂಟರಿಗೆ ಹೂವೇರಿಸುತ್ತಾನೆ; ಕುಂಕುಮ ಮಾತ್ರ ಹಚ್ಚುವುದಿಲ್ಲ.

ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಕೊಟ್ಟ ಗ್ರೀನ್ ಕಾರ್ಡ್ ಹಿಡಿದು ಅಲ್ಲಿನ ಎರ್ಲಾಂಗೆನ್‌ಗೆ ಬಂದ ಎರಡನೆಯ ವರ್ಷ, ಹಳೆಯ ಯಹೂದಿ ಹಸ್ತಪ್ರತಿ, ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ನೋಡುವಂತೆ ಇಂಟರ್ನೆಟ್ಟಿಗೆ ಏರಿಸುವ ಕೆಲಸ ಅವನಿಗೆ ಸಿಕ್ಕಿತ್ತು. ಅಪ್ಪನ ಅಚ್ಚಿನ ಮನೆಯಲ್ಲಿ ಬೆಳೆದವನು. ನವಮಿಯ ದಿನ ಯಂತ್ರವನ್ನು ಬರಿಹಣೆಯಲ್ಲಿ ಬಿಡಲು ಮನಸ್ಸಾದರೂ ಹೇಗೆ ಬಂದೀತು? ಸ್ಕ್ಯಾನರಿನ ಅಂಚಿಗೆ ಚಿಟಿಕೆ ಕುಂಕುಮ ಹಚ್ಚಿದ. ಒಂದು ಕಣ ಉದುರಿ ಗಾಜಿನ ಮೇಲೆ ಕೂತದ್ದು ಅವನ ಕಣ್ಣಿಗೆ ಬೀಳಲಿಲ್ಲ. ಅಂದು ಸ್ಕ್ಯಾನಾದದ್ದು ಒಂದು ಪ್ರಾರ್ಥನೆಯ ಪುಸ್ತಕ.

ಎಂಟು ತಿಂಗಳ ಮೇಲೆ ಇಸ್ರೇಲಿನ ಹೈಫಾದಿಂದ ಮುದುಕಿಯೊಬ್ಬಳ ಇಮೇಲ್ ಬಂತು. ಪುಸ್ತಕ ಅವಳ ಅಪ್ಪನದು. ನಾಜಿಗಳು ಎಳೆದೊಯ್ದ ಅವನಿಗೆ ಒಂದು ಗೋರಿಯೂ ಇಲ್ಲ. ಅವನ ಸಹಿಯಿರುವ ಪುಟದಲ್ಲಿ ಕೆಂಪು ಚುಕ್ಕೆಯಿದೆಯಲ್ಲ, ಅದು ಅವನ ರಕ್ತವೇ?

ಸಂಗಮನಾಥ ಆ ಪುಟ ತೆರೆದ. ಹಿಂದಿನದನ್ನೂ ಮುಂದಿನದನ್ನೂ ತೆರೆದ. ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಚುಕ್ಕೆ. ಸ್ಕ್ಯಾನಾದ ತಾರೀಕು ನೋಡಿದ: ನವಮಿ.

“ಸುಮ್ನ ಅಳಿಸಿಬಿಡ್ರಿ, ಯಾರಿಗ್ ಗೊತ್ತಾಗ್ತದ?” ಎಂದಳು ಹೆಂಡತಿ ಮೇಘಾ.

“ಆಕಿಗೆ ಗೊತ್ತಾಗ್ತದಲ್ಲ.”

ಇದ್ದದ್ದನ್ನು ಇದ್ದ ಹಾಗೆ ಬರೆದು, ತಪ್ಪಾಯಿತೆಂದು ಕಳಿಸಿದ. ಮೂರನೆಯ ದಿನ ಉತ್ತರ ಬಂತು.

“ನಿಜ ಹೇಳಿದ್ದಕ್ಕೆ ಧನ್ಯವಾದ. ದಿನಾ ಬೆಳಿಗ್ಗೆ ಪರದೆಯ ಮೇಲಿನ ಆ ಚುಕ್ಕೆಗೆ ಮುತ್ತಿಡುತ್ತಿದ್ದೆ. ನಾಳೆಯಿಂದ ಎಲ್ಲಿಗೆ ಇಡಲಿ?”