ಮುನಿಯಮ್ಮ ಬಡಿಸಿದ ಬೆಳಗಿನ ಊಟ

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಮರ್ಯಾದೆಗೆ ಸುಮ್ಮನಿರುತ್ತಿದ್ದೆ, ಮನಸ್ಸಿನಲ್ಲಿ ನಂಬುತ್ತಿರಲಿಲ್ಲ. ಭೌತಶಾಸ್ತ್ರ ಓದಿ, ಬಂಗಾರಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅದನ್ನೇ ಪಾಠ ಹೇಳುತ್ತಿದ್ದವಳು ನಾನು. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಈ ಒಂದರ ಕಾರಣ ನನಗೆ ಸಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದುವವರು ಏನಾದರೂ ಅಂದುಕೊಳ್ಳಲಿ.

ನನ್ನ ಅಣ್ಣ ಸೀನ ಚಿನ್ನದ ಗಣಿಯಲ್ಲಿ ಅಳತೆಯ ಕೆಲಸದಲ್ಲಿದ್ದ. ಅವನ ಜೊತೆಗಾರ ಆರ್ಮುಗಂ. ನೆಲದಡಿಯಲ್ಲಿ ಒಟ್ಟಿಗೆ ದುಡಿಯುವ ಇಬ್ಬರು ಒಂದೇ ಡಬ್ಬಿಯಿಂದ ಉಣ್ಣುವುದು ಅವರಲ್ಲಿ ರೂಢಿ. ಡಬ್ಬಿ ತೆರೆದವನು ಮೊದಲ ತುತ್ತನ್ನು ಜೊತೆಗಾರನಿಗೆ ಕೊಡಬೇಕು, ಅವನು ತಿಂದ ಮೇಲೆ ತಾನು. ಒಂದು ದಿನ ಕೆಳಗೆ ಬಂಡೆ ಸಿಡಿಯಿತು. ಅಣ್ಣ ಮೇಲೆ ಬಂದ, ಆರ್ಮುಗಂ ಬರಲಿಲ್ಲ.

ಅಂದಿನಿಂದ ಅಣ್ಣನಿಗೆ ಊಟ ಸೇರದಾಯಿತು. ಗಣಿಯ ಪಕ್ಕದ ಕೋರಮಂಡಲ್‌ನ ನಮ್ಮ ಮನೆಯಲ್ಲಿ ತಟ್ಟೆಯ ಮುಂದೆ ಕೂತು, ಮೊದಲ ತುತ್ತು ಮುರಿದು ಬದಿಗಿಟ್ಟು, ಯಾರಿಗೋ ಕಾಯುವವನ ಹಾಗೆ ಉಳಿದುಬಿಡುತ್ತಿದ್ದ. ಅಮ್ಮ ಬಲವಂತ ಮಾಡಿದರೆ ಎರಡು ಗುಟುಕು ಮಜ್ಜಿಗೆ. ಮೈ ಇಳಿದು ಅಂಗಿ ಜೋತುಬಿತ್ತು. ಹೀಗೇ ಆದರೆ ಹುಡುಗ ಉಳಿಯುವುದಿಲ್ಲ, ಗಣಿಯಿಂದ ದೂರ ಎಲ್ಲಾದರೂ ಕರೆದುಕೊಂಡು ಹೋಗಿ ಎಂದರು ಡಾಕ್ಟರು.

ಬೇತಮಂಗಲದ ಕೆರೆಯಲ್ಲಿ, ಗಣಿಯ ಇಂಗ್ಲಿಷ್ ಅಧಿಕಾರಿಯೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಬಿಟ್ಟುಹೋದ ಸಣ್ಣ ಹಾಯಿದೋಣಿ ಇತ್ತು. ಅದನ್ನು ನಡೆಸುವುದನ್ನು ಅವರೇ ಅಣ್ಣನಿಗೆ ಕಲಿಸಿದ್ದರು. ಶಾಲೆಗೆ ರಜೆ ಬಂದಾಗ ನಾವಿಬ್ಬರೂ ಅದರಲ್ಲೇ ವಾಸಕ್ಕೆ ಹೋದೆವು. ರಾತ್ರಿ ಟಾರ್ಪಾಲಿನ್ ಕಟ್ಟಿ ಮಲಗುವುದು, ಹಗಲು ಹಾಯಿ ಬಿಚ್ಚಿ ದಡದ ಹಳ್ಳಿಗಳಿಗೆ ಹೋಗುವುದು, ಅಲ್ಲಿ ಸಿಕ್ಕಿದ್ದನ್ನು ಉಣ್ಣುವುದು. ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಉಪ್ಸಾರು, ಕೆರೆಮೀನಿನ ಸಾರು, ಕೆಂಡದಲ್ಲಿ ಸುಟ್ಟ ಗೆಣಸು. ನಾನಂತೂ ಚೆನ್ನಾಗಿ ಉಂಡೆ. ಬಟ್ಟೆ ಒಗೆಯುವ ಹೆಂಗಸರು, "ಯಾಕಮ್ಮಣ್ಣಿ, ಭೂಮಿ ಮ್ಯಾಲೆ ಜಾಗ ಸಿಗ್ನಿಲ್ವಾ?" ಎಂದು ನಗುತ್ತಿದ್ದರು. ಅಣ್ಣನೂ ನಗುತ್ತಿದ್ದ. ಎಲೆ ಹಾಕಿದ ಕೂಡಲೇ ಮಾತ್ರ ಅದೇ ತುತ್ತು, ಅದೇ ಕಾಯುವಿಕೆ.

ಒಂದು ಸಂಜೆ ಪಶ್ಚಿಮದ ದಡದ ಹತ್ತಿರ ದೋಣಿ ನಿಲ್ಲಿಸಿದೆವು. ಹಗ್ಗ ಕಟ್ಟಿದ ಕಲ್ಲುಗುಂಡನ್ನು ನೀರಿಗಿಳಿಸಿದ್ದು ನಾನೇ. ಅದು ತಳ ಮುಟ್ಟಿದ್ದು ಕೈಗೆ ತಿಳಿಯಿತು. ಹಾಯಿ ಸುತ್ತಿ ಕಟ್ಟಿದ್ದೆವು. ಗಾಳಿ ಪೂರ್ವದಿಂದ ಬೀಸುತ್ತಿತ್ತು. ಕಲ್ಲು ಜಾರಿದರೂ ನಾವು ಪಶ್ಚಿಮದ ದಡಕ್ಕೇ ತಾಗಬೇಕು.

ಬೆಳಿಗ್ಗೆ ಎದ್ದಾಗ ದೋಣಿ ಪೂರ್ವದ ದಡದಲ್ಲಿತ್ತು, ನಾವು ಎಂದೂ ಹೋಗದ ಒಂದು ಹಳ್ಳಿಯ ಮುಂದೆ. ಹಾಯಿ ಕಟ್ಟಿದಂತೆಯೇ ಇತ್ತು. ಕಲ್ಲುಗುಂಡು ದೋಣಿಯೊಳಗಿತ್ತು. ಮುಟ್ಟಿ ನೋಡಿದೆ, ಒಣಗಿತ್ತು.

"ನೀನೇನಾದ್ರೂ ನಡೆಸಿದ್ಯಾ?" ಎಂದು ಅಣ್ಣನನ್ನು ಕೇಳಿದೆ.

"ಆ ಕಲ್ಲು ಎತ್ತೋ ಶಕ್ತಿ ನನಗೆಲ್ಲಿದೆ?" ಎಂದ.

ದಡದ ಮೇಲಿದ್ದ ಮುದುಕಿಯೊಬ್ಬಳು, "ಒತ್ತಾಯ್ತು, ಬನ್ರಪ್ಪ, ಮುದ್ದೆ ಆರೋಯ್ತದೆ," ಎಂದು ಕೂಗಿದಳು. ಹೆಸರು ಮುನಿಯಮ್ಮ. ಅವಳ ಜಗಲಿಯ ಮೇಲೆ ಆಗಲೇ ಎರಡು ಎಲೆ ಹಾಕಿತ್ತು. ಬಿಸಿ ಮುದ್ದೆ, ಹಿತಕಬೇಳೆ ಸಾರು.

ಅಣ್ಣ ಎಂದಿನಂತೆ ತುತ್ತು ಮುರಿದು ಬದಿಗಿಟ್ಟು ಕೂತ.

"ಅದ್ನ ಯಾಕ್ಲಾ ಮಗ ಅಲ್ಲಿಕ್ದೆ? ಅವ್ನು ಉಂಡಾಯ್ತು," ಎಂದಳು ಮುನಿಯಮ್ಮ.

"ಯಾರು?"

"ನೆನ್ನೆ ಮುಚ್ಚಂಜೇಲಿ ಬಂದಿದ್ನಲ್ಲ, ಅರ್ಧ ತಮಿಳು ಅರ್ಧ ಕನ್ನಡ ಮಾತಾಡ್ಕೊಂಡು. ಮೈಯೆಲ್ಲ ಧೂಳು. ಒಂದ್ ಮುದ್ದೆ ಪೂರ್ತಿ ಉಂಡ. ಬೆಳಿಗ್ಗೆ ನಮ್ಮೋನು ದೋಣೀಲಿ ಬತ್ತಾನೆ, ತಂಗೀನೂ ಇರ್ತಾಳೆ, ಉಣ್ಣಾಕಿಕ್ಕು ಅಂದ. ತುತ್ತು ಮಡಿಕ್ಕೊಂಡು ಕಾಯ್ತಾ ಕುಂತ್ಕಂತಾನೆ ಪೆದ್ದ, ನಾನು ಮೊದ್ಲೇ ಉಂಡಿವ್ನಿ ಅಂತ ಯೋಳ್ಬುಡು ಅಂದ."

"ಯಾವ ಕಡೆ ಹೋದ?" ಎಂದು ಕೇಳಿದ ಅಣ್ಣ.

"ಗೊತ್ತಿಲ್ಲಪ್ಪ. ಕೈಗೆ ನೀರು ತರಾಕೆ ಒಳಕ್ಕೋದೆ, ಬರೋವಷ್ಟ್ರಲ್ಲಿ ಇರ್ನಿಲ್ಲ. ಈಗ ನೀನು ಉಣ್ತೀಯೋ, ಇಲ್ಲ ನಾನೇ ಬಾಯಿಗೆ ತುರುಕ್ಲೋ?"

ಅಣ್ಣ ಬದಿಗಿಟ್ಟ ತುತ್ತನ್ನು ಎತ್ತಿಕೊಂಡು, ಸಾರಿನಲ್ಲಿ ಹೊರಳಿಸಿ ನುಂಗಿದ. ಕಣ್ಣಿಂದ ನೀರು ಸುರಿಯುತ್ತಿದ್ದರೂ ಕೈ ನಿಲ್ಲಲಿಲ್ಲ. ಮುದ್ದೆ ಮುಗಿಸಿ ಇನ್ನರ್ಧ ಕೇಳಿದ. "ಅರ್ಧ ಎಂಥದ್ಲಾ," ಎಂದು ಮುನಿಯಮ್ಮ ಪೂರ್ತಿ ಇಕ್ಕಿದಳು.

ಆಮೇಲೆ ನಾನು ವಿಚಾರಿಸದೆ ಬಿಡಲಿಲ್ಲ. ಅವಳಿಗೆ ಗಣಿಯ ಕಡೆ ನೆಂಟರಿರಲಿಲ್ಲ. ಆರ್ಮುಗಂ ವಿಷಯವನ್ನು ನಾವು ಯಾವ ಹಳ್ಳಿಯಲ್ಲೂ ಆಡಿರಲಿಲ್ಲ. ಅಣ್ಣ ಉಣ್ಣದೆ ಕೂರುವುದನ್ನು ಯಾರೋ ನೋಡಿ ಅವಳಿಗೆ ಹೇಳಿರಬಹುದು, ಅದನ್ನು ಒಪ್ಪೋಣ. ಆದರೆ ಆ ದಡಕ್ಕೆ ಬರುತ್ತೇವೆಂದು ನಮಗೇ ಗೊತ್ತಿರಲಿಲ್ಲವಲ್ಲ? ಹಾಯಿ ಕಟ್ಟಿದ ದೋಣಿ ಗಾಳಿಗೆ ಎದುರಾಗಿ ಇಡೀ ಕೆರೆ ದಾಟಿದ್ದು ಹೇಗೆ? ನನ್ನ ಓದು ಇಲ್ಲಿ ಯಾವ ಸಹಾಯಕ್ಕೂ ಬಂದಿಲ್ಲ.

ಅಣ್ಣ ಇದಾವುದನ್ನೂ ಕೇಳಲಿಲ್ಲ. ಆ ಬೆಳಿಗ್ಗೆ ದೋಣಿಗೆ ಮರಳಿ ಹಾಯಿ ಬಿಚ್ಚುತ್ತಾ ಅವನು ಕೇಳಿದ್ದು ಒಂದೇ:

"ಮಧ್ಯಾಹ್ನ ಎಲ್ಲಿ ಊಟ?"