ಕೊಟ್ಟಿಗೆಯ ಕನ್ನಡ

ಜರ್ಮನಿ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಹ್ಯಾನೋವರ್‌ಗೆ ಬಂದ ನನಗೆ ಬಾಡಿಗೆಗೆ ಸಿಕ್ಕಿದ್ದು ಊರಾಚೆಯ ಡೈರಿ ಫಾರ್ಮೊಂದರ ಮಾಳಿಗೆ ಕೋಣೆ. ಮೈಸೂರಿನಲ್ಲಿ ಹಾಲಿನ ಪ್ಯಾಕೆಟ್ಟಿನಾಚೆಗೆ ಹಸುವಿನ ಸಹವಾಸವಿಲ್ಲದವನು ನಾನು. ಮೊದಲ ವಾರ ಮೂಗು ಮುಚ್ಚಿಕೊಂಡೇ ಓಡಾಡಿದೆ. ಮನೆಯ ಯಜಮಾನರು ಉಡುಪಿ ಕಡೆಯವರು. ಇಪ್ಪತ್ತೈದು ವರ್ಷದ ಹಿಂದೆ ಇದೇ ಫಾರ್ಮಿಗೆ ಆಳಾಗಿ ಬಂದು, ಮನೆಮಗಳನ್ನೇ ಮದುವೆಯಾಗಿ, ಜರ್ಮನಿಯ ಪ್ರಜೆಯೂ ನಲವತ್ತು ದನಗಳ ಒಡೆಯರೂ ಆದವರು. ಹೆಂಡತಿಗೆ ಕನ್ನಡ ಬಾರದು. ಮಕ್ಕಳು ಏನು ಕೇಳಿದರೂ ಜರ್ಮನ್‌ನಲ್ಲೇ ಉತ್ತರಿಸುತ್ತಿದ್ದರು. ಹಾಗಾಗಿ ಅವರ ಕನ್ನಡವೆಲ್ಲ ಕೊಟ್ಟಿಗೆಯ ಪಾಲಾಗಿತ್ತು.

"ಬಾ ಮಾರಾಯ್ತಿ, ಎಂತ ನಾಚಿಕೆ ನಿಂಗೆ?" ಎಂದರೆ ಸಾಕು, ದನಗಳು ಸಾಲುಗಟ್ಟಿ ಬರುತ್ತಿದ್ದವು. ಹೆಂಡತಿ ಜರ್ಮನ್‌ನಲ್ಲಿ ಕರೆದರೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ.

ಸುತ್ತಲಿನ ರೈತರ ಅಹವಾಲು ಹೊತ್ತು ಕಚೇರಿ ಅಲೆಯುತ್ತಿದ್ದ ಅವರನ್ನು ಪಕ್ಷವೊಂದು ಲಾಂಡ್‌ಟಾಗ್‌ಗೆ, ಅಂದರೆ ಆ ಪ್ರಾಂತ್ಯದ ವಿಧಾನಸಭೆಗೆ ನಿಲ್ಲಲು ಕರೆಯಿತು. ಅವರು ಹಿಂಜರಿದರು.

"ಗೆದ್ರೆ ದನ ಮಾರ್ಬೇಕಾಗ್ತದೆ. ಮತ್ತೆ ನಾನು ಮಾತಾಡುವುದು ಯಾರ ಹತ್ರ?"

"ನಿಲ್ಲಿ ಸಾರ್! ದನಾನ ಯಾರಾದ್ರೂ ಸಾಕ್ತಾರೆ," ಎಂದು ಹುರಿದುಂಬಿಸಿದವನು ನಾನೇ. ನನ್ನ ಗಂಟೇನು ಹೋಗುತ್ತಿತ್ತು? ಸಲಹೆ ಕೊಡುವುದರಲ್ಲಿ ನಾನು ಆಗ ಬಲು ಧಾರಾಳಿ.

ಗೆದ್ದರು. ದನಗಳು ಪಕ್ಕದ ಹಳ್ಳಿಯ ರೈತನ ಮನೆ ಸೇರಿದವು. ಮೂರನೆಯ ದಿನ ಆ ರೈತ ಫೋನ್ ಮಾಡಿದ: ಹುಲ್ಲುಗಾವಲಿಗೆ ಬಿಟ್ಟ ದನಗಳು ಎಷ್ಟು ಕರೆದರೂ ಒಳಗೆ ಬರುತ್ತಿಲ್ಲ. ಯಜಮಾನರು ಸಭೆಯಲ್ಲಿದ್ದರು. ನಾನೇ ಸೈಕಲ್ ಹತ್ತಿ ಹೋದೆ. ಬೇಲಿಯ ಬಳಿ ನಿಂತು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆಚೀಚೆ ಕಣ್ಣಾಡಿಸಿ, "ಬಾ ಮಾರಾಯ್ತಿ" ಎಂದೆ. ಉಡುಪಿಯ ಆ ರಾಗ ನನ್ನ ನಾಲಗೆಗೆ ಒಗ್ಗಲಿಲ್ಲ. ಆದರೂ ದನಗಳು ತಲೆಯೆತ್ತಿ, ಒಂದರ ಹಿಂದೊಂದು ಬಂದವು. ಸುಳ್ಳೇಕೆ ಹೇಳಲಿ, ನನ್ನ ಕಣ್ಣು ತುಂಬಿಬಂತು.

ಸಂಜೆ ಅವರು ಸೂಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತಿದ್ದಾಗ ನಡೆದದ್ದನ್ನು ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಟೈ ಸಡಿಲಿಸುತ್ತ ಕೇಳಿದರು:

"ನೀನು ಈ ರೂಮು ಬಿಡುವುದಿಲ್ಲ ಅಲ್ವಾ ಮಾರಾಯ? ದಿನಾ ಒಂದರ್ಧ ಗಂಟೆ ಇಲ್ಲಿ ಕೂತ್ಕೋ, ಆಯ್ತಾ? ಉತ್ತರ ಕೊಡಬೇಕಂತ ಇಲ್ಲ. ಅವೂ ಕೊಡ್ತಿರ್ಲಿಲ್ಲ."