ಬಾಗಿಲ ಮೇಲಿನ ಅಂಟಿನ ಕಲೆ

ಬೆಳಗಿನ ಆರು ಗಂಟೆ. ಗದ್ವಾಲ ಸೀಮೆಯ ಧರೂರಿಗೆ ಹತ್ತಿರದ ಈ ಊರಿನ ನೇಕಾರರ ಓಣಿಯಲ್ಲಿ ಇನ್ನೂ ಮಗ್ಗದ ಸದ್ದು ಎದ್ದಿಲ್ಲ. ಹಸಿರು ಬಾಗಿಲೊಂದರ ಮುಂದೆ ಹುಸೇನಮ್ಮ ಚಪ್ಪಲಿ ಬಿಡುತ್ತಾರೆ. ಹೆಗಲ ಚೀಲದಲ್ಲಿ ಬಿಪಿ ನೋಡುವ ಯಂತ್ರ. ಕದ ತಟ್ಟುವುದಿಲ್ಲ. "ನವನೀತಾ, ಬಂದೀನವ್ವ," ಎಂದು ಕೂಗಿ, ಅವರ ಬಗ್ಗೆ ಬರೆಯಲು ಬಂದ ನನ್ನನ್ನೂ ಕೂರಿಸಿಕೊಂಡು ಕಟ್ಟೆಯ ಮೇಲೆ ಕೂರುತ್ತಾರೆ. ಹದಿನೇಳು ದಿನ ಹೀಗೇ ಕೂತು ಎದ್ದು ಹೋಗಿದ್ದಾರೆ, ಇಂದು ಹದಿನೆಂಟನೆಯದು. ಒಳಗೆ ಎಂಟು ತಿಂಗಳ ಬಸುರಿ. ಐದು ತುಂಬಿದ ಮೇಲೆ ತಪಾಸಣೆಗೇ ಹೋಗಿಲ್ಲ.

ಹುಸೇನಮ್ಮ ಈ ಊರಿನ ಆಶಾ ಕಾರ್ಯಕರ್ತೆ. ವಯಸ್ಸು ನಲವತ್ತೊಂಬತ್ತು. ಹಿಂದೂ ಮನೆತನ, ಹೆಸರು ಮೊಹರಂ ಪೀರರ ಹರಕೆಯದು. "ಅವ್ವನ ಮೂರು ಕೂಸು ಹೋಗಿದ್ವಂತ್ರಿ. ನಾಲ್ಕನೇದಕ್ಕ ಪೀರರಿಗೆ ಬೇಡಿಕೊಂಡ್ಳು, ನಾ ಉಳದೆ," ಎನ್ನುತ್ತಾರೆ. ಇನ್ನೂರ ಹನ್ನೆರಡು ಮನೆಗಳು ಅವರ ಪಾಲಿಗಿವೆ. ಸದ್ಯ ಒಂಬತ್ತು ಬಸುರಿಯರು, ನಾಲ್ವರು ಬಾಣಂತಿಯರು.

ಕೊರೊನಾದ ಎರಡು ವರ್ಷಗಳಲ್ಲಿ ಇಲ್ಲಿ ಮೂವತ್ತೊಂದು ಹೆರಿಗೆಯಾದವು. ಹತ್ತಿರದ ಮಕ್ತಲದಲ್ಲಿ ತವರಿದ್ದೂ ಹೋಗಲಾಗದೆ, ಬಸುರಿಗೆ ಮಾಡುವ ಕುಬಸದ ಸೀರೆಯನ್ನು ಹರಸುವವರಿಲ್ಲದೆ ಉಟ್ಟವರಿದ್ದರು. ಮೊಮ್ಮಗುವನ್ನು ಬೀದಿಯಿಂದಲೇ ನೋಡಿ ಕಣ್ಣೊರೆಸಿಕೊಂಡು ಹೋದ ಅಜ್ಜಿಯರಿದ್ದರು. ಆ ಹೆಂಗಸರ ಕಷ್ಟವನ್ನು ನಾವು ಯಾರೂ ಬರೆದಿಡಲಿಲ್ಲ. ಚಪ್ಪಾಳೆ ತಟ್ಟಿ, ದೀಪ ಹಚ್ಚಿ, ಮರೆತುಬಿಟ್ಟೆವು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಎರಡನೇ ಅಲೆಯಲ್ಲಿ, ಆಗ ತುಂಬು ಬಸುರಿಯಾಗಿದ್ದ ನವನೀತಾಳ ಮಾವ ಪೆದ್ದಯ್ಯನಿಗೆ ಸೋಂಕು ತಗುಲಿತು. 'ಈ ಮನೆಗೆ ಬರಬೇಡಿ' ಎಂಬ ಕೆಂಪು ಕಾಗದವನ್ನು ಈ ಬಾಗಿಲಿಗೆ ಹಚ್ಚಿದವರು ಹುಸೇನಮ್ಮನೇ. ಹದಿನಾಲ್ಕನೆಯ ದಿನ ಅದನ್ನು ಕೀಳಬೇಕಾದವರೂ ಅವರೇ. ಅಷ್ಟರಲ್ಲಿ ಅವರೇ ಜ್ವರ ಬಂದು ಹಾಸಿಗೆ ಹಿಡಿದರು. ಪೆದ್ದಯ್ಯ ಎದ್ದು ಓಡಾಡಿದರೂ ಕಾಗದ ಹಾಗೇ ಉಳಿಯಿತು.

"ಸರ್ಕಾರಿ ಕಾಗದ ಹರದ್ರ ಕೇಸ್ ಆಗ್ತೈತಿ ಅಂತ ಮನಿಯವರೂ ಕೈ ಹಚ್ಚಲಿಲ್ರಿ. ಹಚ್ಚಿದಾಕಿ ಬಂದು ತಗೀಲಿ ಅಂತ ಕಾದ್ರು," ಎನ್ನುತ್ತಾರೆ ಹುಸೇನಮ್ಮ.

ಕಾಗದ ಹಚ್ಚಿದ ಹದಿನೇಳನೆಯ ದಿನ ನವನೀತಾಳಿಗೆ ನೋವು ಬಂತು. ಕರೆದ ಆಟೋ ಬಂತು. ಚಾಲಕ ಕಾಗದ ನೋಡಿ ಗಾಡಿ ತಿರುಗಿಸಿದ. ಮಾವನ ತೋಳು ಹಿಡಿದು ಅವಳು ದೊಡ್ಡ ರಸ್ತೆಯ ಕಡೆಗೆ ನಡೆದಳು. ಕಾಲುವೆಯ ದಂಡೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಅಳಲಿಲ್ಲ.

"ಬಾಣಂತಿ ಮನಿ ಬಾಗಲಕ್ಕ ಬೇವಿನ ಸೊಪ್ಪ ಕಟ್ಟತೀವ್ರಿ. ಅದನ್ನ ನೋಡಿದ್ರ ಮಂದಿ ಕೈಕಾಲು ತೊಳಕೊಂಡು ಒಳಗ ಬರ್ತಾರ. ನಾ ಹಚ್ಚಿದ್ದು ನೋಡಿ ಓಡಿ ಹೋದ್ರು." ಹುಸೇನಮ್ಮ ಬಾಗಿಲಿನತ್ತ ಬೆರಳು ತೋರುತ್ತಾರೆ. ಅಂಗೈ ಅಗಲದ ಅಂಟಿನ ಕಲೆ ಇನ್ನೂ ಇದೆ.

ಇಷ್ಟು ಹೇಳುವಷ್ಟರಲ್ಲಿ ಒಳಗಿನಿಂದ ದನಿ ಬರುತ್ತದೆ.

"ಅವತ್ತ ಯಾಕ ಬರ್ಲಿಲ್ಲಕ್ಕ?"

ನಾಲ್ಕು ವರ್ಷಗಳ ಮೇಲೆ ನವನೀತಾ ಅವರೊಡನೆ ಆಡಿದ ಮೊದಲ ಮಾತು. ಹುಸೇನಮ್ಮ ಸೆರಗು ಹಿಂಡುತ್ತಾರೆ. "ಜ್ವರ ಇತ್ತವ್ವ. ಯಾರಿಗರ ಹೇಳಿ ತಗಸಬೇಕಿತ್ತು. ನೆಪ್ಪಾಗಲಿಲ್ಲ. ತಪ್ಪು ನಂದ."

ಕದ ನಾಲ್ಕು ಬೆರಳಷ್ಟು ತೆರೆದು ಬಳೆಯ ಕೈಯೊಂದು ಹೊರಬರುತ್ತದೆ. ಬೆರಳುಗಳು ಊದಿವೆ. ಹುಸೇನಮ್ಮ ಪಟ್ಟಿ ಸುತ್ತಿ ಯಂತ್ರ ನೋಡುತ್ತಾರೆ. ನೂರಾ ಐವತ್ತು, ನೂರು.

"ಭಾಳ ಹೆಚ್ಚೈತವ್ವ. ಈಗಿಂದೀಗ ಗದ್ವಾಲ ದವಾಖಾನಿಗೆ ಹೋಗಬೇಕು."

"ಆಟೋ ಬರ್ತೈತೇನು?"

"ಓಣಿ ಬಾಯಾಗ ನಿಂತೈತಿ. ಹದಿನೆಂಟು ದಿನದಿಂದ ದಿನಾ ನಿಂದರಸೀನಿ."

ನವನೀತಾ ಹೊರಬರುತ್ತಾಳೆ. ಯಾರ ಮುಖವನ್ನೂ ನೋಡುವುದಿಲ್ಲ. ಪೆದ್ದಯ್ಯ ಬಟ್ಟೆಯ ಗಂಟು ಹಿಡಿದು ಹಿಂದೆ ಬರುತ್ತಾನೆ. ಆಟೋ ಹತ್ತುವಾಗ ಹುಸೇನಮ್ಮ ಚಾಚಿದ ಕೈಯನ್ನು ಅವಳು ಹಿಡಿಯುವುದಿಲ್ಲ. ಕಂಬಿ ಹಿಡಿದು ತಾನೇ ಹತ್ತುತ್ತಾಳೆ.

ಹುಸೇನಮ್ಮ ಚಾಲಕನ ಪಕ್ಕದಲ್ಲಿ ಕೂರುವ ಮುನ್ನ ನನ್ನತ್ತ ಬಾಗಿ ಮೆಲ್ಲಗೆ ಹೇಳುತ್ತಾರೆ: "ಒಂದ ಆಸಿ ಐತ್ರಿ. ಆ ಅಂಟಿನ ಕಲಿ ಮ್ಯಾಲ ಬೇವಿನ ಸೊಪ್ಪ ನನ್ನ ಕೈಲೆ ಕಟ್ಟಬೇಕು. ಆಕಿ ಒಲ್ಲೆ ಅಂದ್ರ ಯಾರರ ಕಟ್ಟಲಿ ಬಿಡ್ರಿ. ಕಟ್ಟೂವಂಗ ಆಗಲಿ, ಅಷ್ಟ."